ಅಕ್ಕಿಗೆ ಜಿಎಸ್‌ಟಿ ಇಲ್ಲ

ಹೋದ ತಿಂಗಳು ನಮ್ಮನೆಗೆ ಊಟಕ್ಕೆ ಬಂದಿದ್ದ ಹುಡುಗನೊಬ್ಬ ಕೈ ತೊಳೆದುಕೊಂಡು ಬಂದು ಕೂತವನೇ ಕೇಳಿದ, "ಅಣ್ಣಾರ, ಬುಕ್‌ಕೀಪರ್ ಇದ್ರ ಸಾಕೇನ್ರಿ, ಟ್ಯಾಕ್ಸ್ ಏಜೆಂಟನ ಬೇಕೇನ್ರಿ?"

ಹುಬ್ಬಳ್ಳಿ ಕಡೆಯವನು. ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿ ಮನೆ. ಬಾಡಿಗೆ ಮನೆ ಖಾಲಿ ಮಾಡುವವರಿಗೆ ಮನೆ ತೊಳೆದುಕೊಡುವ ಕೆಲಸ ಶುರು ಮಾಡಿದ್ದಾನೆ. ಒಂದು ವ್ಯಾನು, ಎರಡು ವ್ಯಾಕ್ಯೂಮು, ವಾರಾಂತ್ಯಕ್ಕೆ ಇಬ್ಬರು ವಿದ್ಯಾರ್ಥಿಗಳು. ವ್ಯಾಪಾರ 75,000 ಡಾಲರಿನ ಗೆರೆಯ ಹತ್ತಿರ ಬಂದಿದೆ. ಅದು ದಾಟಿದರೆ ಜಿಎಸ್‌ಟಿಗೆ ನೋಂದಾಯಿಸಲೇಬೇಕು. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತಿನ ಉತ್ತರ.

ಒಂದೇ ಮಾತಿನ ಉತ್ತರ ಇದೆ, ಕೊಟ್ಟೆ ಕೂಡ. ಬಿಲ್ಲು ಜೋಡಿಸೋದು, ಬ್ಯಾಂಕಿನ ಪಟ್ಟಿಯ ಜೊತೆ ತಾಳೆ ನೋಡೋದು, ಯಾರು ದುಡ್ಡು ಕೊಡಬೇಕು ಅಂತ ನೆನಪಿಸೋದು, ಇದಕ್ಕೆ ಬುಕ್‌ಕೀಪರ್ ಸಾಕು. ಆದರೆ ಮೂರು ತಿಂಗಳಿಗೊಮ್ಮೆ ಕಳಿಸಬೇಕಾದ ಜಿಎಸ್‌ಟಿ ಪಟ್ಟಿಯನ್ನು (ಇಲ್ಲಿ ಎಲ್ಲರೂ ಅದನ್ನು 'ಬ್ಯಾಸ್' ಅನ್ನುತ್ತಾರೆ) ದುಡ್ಡು ತಗೊಂಡು ಮಾಡಿಕೊಡಬೇಕಾದರೆ ಅವರು ನೋಂದಾಯಿತ ಬ್ಯಾಸ್ ಏಜೆಂಟೋ ಟ್ಯಾಕ್ಸ್ ಏಜೆಂಟೋ ಆಗಿರಬೇಕು. ವರ್ಷದ ಆದಾಯ ತೆರಿಗೆಯ ರಿಟರ್ನಿಗಂತೂ ಟ್ಯಾಕ್ಸ್ ಏಜೆಂಟೇ ಆಗಬೇಕು. 2009ರಲ್ಲಿ ಇದಕ್ಕೇ ಅಂತ ಕಾನೂನು ಬಂತು, ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್ ಅಂತ ಒಂದು ಮಂಡಳಿ ಇದೆ, ಯಾರು ನೋಂದಾಯಿತರು ಅಂತ ಅವರ ಪಟ್ಟಿಯಲ್ಲಿ ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ನೀನೇ ಕೂತು ನಿನ್ನ ಪಟ್ಟಿ ತುಂಬಿದರೆ ಯಾರ ಅಪ್ಪಣೆಯೂ ಬೇಡ. ಇಷ್ಟು ಹೇಳಿ ಮುಗಿಸಲು ಐದು ನಿಮಿಷ ಸಾಕಾಯಿತು. ಅವನು ಮಜ್ಜಿಗೆ ಕುಡಿದು ಹೋದ.

ಅವನು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಆ ಉತ್ತರವನ್ನು ನಾನು ಕಲಿತ ರೀತಿಯನ್ನು ಅವನಿಗೆ ಹೇಳಿರಲಿಲ್ಲ.

ನಮ್ಮದು ಊಟದ ಡಬ್ಬಿಯ ವ್ಯಾಪಾರ. ನಾನು, ನನ್ನ ಹೆಂಡತಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಹನ್ನೊಂದಕ್ಕೆ ಡಬ್ಬಿಗಳು ವ್ಯಾನು ಹತ್ತಬೇಕು. ಇಂಥದ್ದರಲ್ಲಿ ರಸೀದಿ ಯಾರು ನೋಡ್ತಾರೆ? ಒಂದು ಖಾಲಿ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಡುತ್ತಿದ್ದೆವು. ಹಾಗಿದ್ದಾಗ ಸಿಕ್ಕವರು ಅಕ್ಕ. ಹೆಸರು ಬೇಡ. ತುಮಕೂರಿನವರು, ಬಿ.ಕಾಂ. ಓದಿದವರು, ಊರಲ್ಲಿ ಹತ್ತು ವರ್ಷ ಒಂದು ಕಚೇರಿಯ ಲೆಕ್ಕ ನೋಡಿಕೊಂಡಿದ್ದವರು. ಇಲ್ಲಿಗೆ ಬಂದ ಮೇಲೆ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ, ಹಗಲು ನಮ್ಮಂಥವರ ಲೆಕ್ಕ. ಕನ್ನಡ ಶಾಲೆಯ ಜಗಲಿಯಲ್ಲಿ ಪರಿಚಯವಾಗಿತ್ತು. "ತಗೊಂಬಾರೋ ನಿನ್ನ ಡಬ್ಬ" ಅಂದರು. ಎರಡು ದಿನದಲ್ಲಿ ಆ ಡಬ್ಬದ ಕಾಗದವೆಲ್ಲ ದಿನಾಂಕದ ಪ್ರಕಾರ ಕೂತವು. ಸೊಪ್ಪು ತಂದ ಅಂಗಡಿಯ ಬಿಲ್ಲು ಮಾಸಿ ಅಕ್ಷರ ಹೋಗಿದ್ದರೆ ಬ್ಯಾಂಕಿನ ಪಟ್ಟಿ ನೋಡಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು.

ಮೂರು ತಿಂಗಳಿಗೆ ಅವರು ತಗೊಳ್ಳುತ್ತಿದ್ದದ್ದು 75 ಡಾಲರು, ಜೊತೆಗೆ ನಾವು ಕೊಡುತ್ತಿದ್ದ ಒಂದು ಡಬ್ಬಿ ಬಿಸಿಬೇಳೆಬಾತು. ಬ್ಯಾಸ್ ಕೂಡ ಅವರೇ ಕಳಿಸುತ್ತಿದ್ದರು. "ಬ್ಯಾಸ್ ಅಂದ್ರೆ ಬ್ಯಾಸರ ಕಣೋ, ನೀನು ಅಡುಗೆ ನೋಡ್ಕೋ" ಅನ್ನೋರು. ಅವರು ನನ್ನ ಖಾತೆಗೆ ನನ್ನದೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಿದ್ದರು. ನನ್ನ ಫೋನಿಗೆ ಅಂಕಿ ಬರುತ್ತಿತ್ತು. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಆ ಅಂಕಿಯನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಆ ಕಡೆ ಅವರು ಒಂದು ಗುಂಡಿ ಒತ್ತುತ್ತಿದ್ದರು. ಆ ಗುಂಡಿಯ ಪಕ್ಕದಲ್ಲಿ ಬರೆದಿರುತ್ತೆ, ಇದರಲ್ಲಿರುವುದೆಲ್ಲ ಸತ್ಯ ಎಂದು ನಾನು ಘೋಷಿಸುತ್ತೇನೆ ಅಂತ. ನಾನು ಅಂದ್ರೆ ನಾನು, ಅಕ್ಕ ಅಲ್ಲ.

ಹೀಗೆ ಆರು ಕಂತು ನಡೆಯಿತು.

ಅಕ್ಕ ನೋಂದಾಯಿತರಲ್ಲ ಅಂತ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಅವರೂ ಮುಚ್ಚಿಟ್ಟಿರಲಿಲ್ಲ. "ನಂದು ರಿಜಿಸ್ಟ್ರೇಷನ್ ಇಲ್ಲ, ಅದಕ್ಕೇ ನಿನ್ನ ಲಾಗಿನ್ನಲ್ಲೇ ಮಾಡ್ತೀನಿ" ಅಂದಿದ್ದರು. ನನಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ ಅನ್ನೋದು ಅರ್ಧ ಸತ್ಯ. ಟ್ಯಾಕ್ಸ್ ಏಜೆಂಟ್ ಕೇಳಿದ ದುಡ್ಡು ಅಕ್ಕ ಕೇಳಿದ್ದರ ನಾಲ್ಕು ಪಟ್ಟು ಇತ್ತು ಅನ್ನೋದು ಉಳಿದರ್ಧ.

ವರ್ಷದ ರಿಟರ್ನಿಗೆ ಮಾತ್ರ ಒಬ್ಬ ಏಜೆಂಟಮ್ಮನ ಹತ್ತಿರ ಹೋಗಬೇಕಾಯಿತು. ಆಕೆ ಕನ್ನಡದವರಲ್ಲ. ನಮ್ಮ ಊಟ ತಿಂದವರೂ ಅಲ್ಲ. ಅಕ್ಕ ಕೊಟ್ಟಿದ್ದ ಹಾಳೆಗಳನ್ನು ತಿರುವುತ್ತಾ ಒಂದು ಕಡೆ ನಿಂತರು. ಅಕ್ಕಿಯ ಬಿಲ್ಲಿನ ಮೇಲೆ ಬೆರಳಿಟ್ಟು, "ಇದರ ಮೇಲೆ ಜಿಎಸ್‌ಟಿ ವಾಪಸ್ ಕೇಳಿದ್ದೀರಲ್ಲ?" ಅಂದರು.

ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ ಬಂದದ್ದು 2000ದ ಜುಲೈ 1ಕ್ಕೆ. ಶೇಕಡಾ 10. ನಾವು ಡಬ್ಬಿ ಮಾರಿದ್ದರಲ್ಲಿ ಹನ್ನೊಂದರಲ್ಲಿ ಒಂದು ಪಾಲು ಸರ್ಕಾರದ್ದು, ನಾವು ಕೊಂಡ ಸಾಮಾನಿನಲ್ಲಿ ಅಡಗಿರುವ ಹನ್ನೊಂದರಲ್ಲಿ ಒಂದು ಪಾಲನ್ನು ಅದರಿಂದ ಕಳೆದುಕೊಳ್ಳಬಹುದು. ಆದರೆ ಅಕ್ಕಿ, ಬೇಳೆ, ತರಕಾರಿ, ಹಾಲು ಇಂಥ ಮೂಲ ಆಹಾರಕ್ಕೆ ಇಲ್ಲಿ ಜಿಎಸ್‌ಟಿಯೇ ಇಲ್ಲ. ಕೊಟ್ಟಿಲ್ಲದ ತೆರಿಗೆಯನ್ನು ಕಳೆದುಕೊಳ್ಳೋದು ಹೇಗೆ? ಪ್ಲಾಸ್ಟಿಕ್ ಡಬ್ಬಿ, ಗ್ಯಾಸು, ವ್ಯಾನಿನ ಪೆಟ್ರೋಲು, ಇವುಗಳದ್ದು ಸರಿ. ಅಕ್ಕ ಎಲ್ಲ ಬಿಲ್ಲನ್ನೂ ಒಟ್ಟು ಕೂಡಿ ಹನ್ನೊಂದರಿಂದ ಭಾಗಿಸಿದ್ದರು. (ನಮ್ಮೂರಲ್ಲಿ 2022ರ ಜುಲೈಯಿಂದ ಪೊಟ್ಟಣ ಕಟ್ಟಿ ಹೆಸರು ಅಂಟಿಸಿದ ಅಕ್ಕಿಗೂ 5% ಇದೆ. ಅಲ್ಲಿಂದ ಬಂದವರಿಗೆ ಅಕ್ಕಿಗೆ ತೆರಿಗೆ ಇಲ್ಲ ಅಂದ್ರೆ ನಂಬೋದೇ ಕಷ್ಟ.) ತಿಂಗಳಿಗೆ ಸುಮಾರು 2,200 ಡಾಲರಿನ ದಿನಸಿ. ಅಂದರೆ ತಿಂಗಳಿಗೆ 200, ಕಂತಿಗೆ 600, ಆರು ಕಂತಿಗೆ 3,600 ಡಾಲರು ಸರ್ಕಾರಕ್ಕೆ ಕಡಿಮೆ ಕಟ್ಟಿದ್ದೆ.

"ತಿದ್ದಿ ಕಳಿಸಿ. ಅವರು ಕೇಳುವ ಮೊದಲೇ ನೀವಾಗಿ ಹೇಳಿಕೊಂಡರೆ ದಂಡ ಬಹುಪಾಲು ಇಳಿಯುತ್ತೆ. ತೆರಿಗೆ, ಬಡ್ಡಿ ಕಟ್ಟಬೇಕು" ಅಂದರು ಆಕೆ.

"ಅವರು ಕೇಳದೇ ಇದ್ರೆ?" ಅಂದೆ.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನದನ್ನು ತಿದ್ದದೆ ಮುಂದಿನದಕ್ಕೆ ತಾನು ಕೈ ಹಾಕುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಬಹುದು ಅಂತ ಬಹಳ ಮರ್ಯಾದೆಯಿಂದಲೇ ಹೇಳಿದರು. ಇದನ್ನು ಈಗ ನಿಯಮದಲ್ಲೇ ಬಿಡಿಸಿ ಬರೆದಿದ್ದಾರೆ. 2025ರ ಜುಲೈ 1ರಿಂದ ಸಣ್ಣ ಕಚೇರಿಗಳಿಗೂ ಅದು ಅನ್ವಯ. ಗ್ರಾಹಕ ಕೊಟ್ಟ ಹೇಳಿಕೆ ತಪ್ಪು ಅಂತ ಗೊತ್ತಾದರೆ ಏಜೆಂಟು ತಿದ್ದಿಕೋ ಅಂತ ಹೇಳಬೇಕು, ಹೇಳಿ ಸುಮ್ಮನೆ ಕೂರುವಂತಿಲ್ಲ. ಅವತ್ತು ಆಕೆ ಅದಿಲ್ಲದೆಯೂ ಹಾಗೆ ಮಾಡಿದರು.

ನನಗೆ ಕೋಪ ಬಂತು. ದುಡ್ಡು ಕೊಟ್ಟು ನನ್ನ ಮೇಲೇ ಪೊಲೀಸರನ್ನು ಇಟ್ಟುಕೊಂಡ ಹಾಗಾಯಿತಲ್ಲ ಅನ್ನಿಸಿತು. ವಾಪಸು ಬರುವಾಗ ವ್ಯಾನಿನಲ್ಲಿ ಹೆಂಡತಿಗೆ ಅದನ್ನೇ ಹೇಳಿದೆ. ಅವಳು, "ಅಕ್ಕನ್ನ ಇಟ್ಕೊಂಡಿದ್ದು ಯಾಕೆ ಹಾಗಾದ್ರೆ? ನಿಮ್ಮ ಮೇಲೆ ಯಾರೂ ಕಣ್ಣಿಡಬಾರ್ದು ಅಂತಾನಾ?" ಅಂದಳು. ಮನೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ನಾವು ಲೆಕ್ಕಕ್ಕೆ ಒಬ್ಬರನ್ನು ಹುಡುಕುವಾಗ ಏನನ್ನು ಹುಡುಕುತ್ತೇವೆ? 'ನಮ್ಮವರು' ಬೇಕು ಅನ್ನುತ್ತೇವೆ. ಮಾತು ಅರ್ಥವಾಗುವವರು, ಬಿಲ್ಲು ಕಳೆದರೆ ಬೈಯದವರು, ಕಷ್ಟ ತಿಳಿದವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪದದೊಳಗೆ ಇನ್ನೊಂದು ಆಸೆ ಅಡಗಿ ಕೂತಿರುತ್ತೆ. ನಮ್ಮ ಪರ ಇರುವವರು ಬೇಕು, ಪೂರ್ತಿ ನಮ್ಮ ಪರ. ಬುಕ್‌ಕೀಪರ್ ಹಾಗೆ ಇರಬಲ್ಲಳು, ಅವಳಿಗೆ ನಾನು ಕೊಟ್ಟ ಕಾಗದವೇ ಜಗತ್ತು. ನೋಂದಾಯಿತ ಏಜೆಂಟು ಹಾಗಿರಲು ಸಾಧ್ಯವೇ ಇಲ್ಲ. ಅವಳು ಅರ್ಧ ನನ್ನ ಕಡೆ, ಅರ್ಧ ಕಾನೂನಿನ ಕಡೆ. ನನ್ನ ಗುಟ್ಟನ್ನು ಹೊರಗೆ ಹೇಳಬಾರದು ಅಂತ ಅವಳ ನೀತಿಸಂಹಿತೆ ಹೇಳುತ್ತೆ, ನನಗೋಸ್ಕರ ಸುಳ್ಳು ಹೇಳಬಾರದು ಅಂತಲೂ ಅದೇ ಹೇಳುತ್ತೆ. ದುಡ್ಡು ಕೊಡುವವನು ನಾನಾದರೂ ನಾನೊಬ್ಬನೇ ಯಜಮಾನ ಅಲ್ಲ. ನಾಲ್ಕು ಪಟ್ಟು ಕೊಟ್ಟು ಕೊಳ್ಳುವುದು ಅದನ್ನೇ, ನನಗೆ 'ಇಲ್ಲ' ಅನ್ನಬಲ್ಲ ಒಬ್ಬರನ್ನು. ಇದು ಒಳ್ಳೆ ವ್ಯಾಪಾರವಾ? ಆವತ್ತು ನನಗೆ ಹಾಗನ್ನಿಸಲಿಲ್ಲ.

ಈ ವಿಷಯದಲ್ಲಿ ನನ್ನ ಅಜ್ಜನನ್ನು ನೆನೆಯದೆ ಇರಕ್ಕಾಗಲ್ಲ. ಅವರು ದಾವಣಗೆರೆಯ ಒಂದು ಮಂಡಿಯಲ್ಲಿ ಗುಮಾಸ್ತರು. ಕಿರ್ದಿ ಬರೆಯೋದು, ಅದರಿಂದ ಖಾತೆಗೆ ಏರಿಸೋದು. ಮುತ್ತಿನಂಥ ಅಕ್ಷರ. ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಶ್ರೀಕಾರ ಬರೆದು, ಪೂಜೆಗೆ ಇಡುತ್ತಿದ್ದರು. ಆದರೆ ಪೂಜೆಗೆ ಇಡದ ಇನ್ನೊಂದು ಪುಸ್ತಕವೂ ಇತ್ತು ಅಂತ ನನಗೆ ದೊಡ್ಡವನಾದ ಮೇಲೆ ಗೊತ್ತಾಯಿತು. ಅದನ್ನೂ ಅಜ್ಜನೇ ಬರೆಯುತ್ತಿದ್ದದ್ದು, ಅದೇ ಮುತ್ತಿನಂಥ ಅಕ್ಷರದಲ್ಲಿ. ಒಮ್ಮೆ ಕೇಳಿದೆ. ಅವರಿಗೆ ಬೇಜಾರೇನೂ ಆಗಲಿಲ್ಲ. "ನಾನು ಬರೆಯೋನು ಅಷ್ಟೇ ಮಗ. ಮಾಡಿದೋರು ಅವರು" ಅಂದರು.

ಬಹಳ ದಿನ ಆ ಮಾತು ನನಗೆ ಒಪ್ಪಿಗೆಯಾಗಿತ್ತು. ಈಗಲೂ ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ನೋಂದಣಿಯ ಕಾನೂನು ಸಹ ಅದನ್ನೇ ಒಂದು ರೀತಿ ಒಪ್ಪುತ್ತೆ: ಬರೀ ಅಂಕಿ ಬರೆಯೋರಿಗೆ ಪರವಾನಗಿ ಬೇಡ, ಅಂಕಿಗೆ ಅರ್ಥ ಹೇಳೋರಿಗೆ ಬೇಕು. 'ಅಕ್ಕಿ 44 ಡಾಲರು' ಅಂತ ಬರೆದರೆ ಅದು ಬರವಣಿಗೆ. 'ಇದರಲ್ಲಿ 4 ಡಾಲರು ವಾಪಸು ಕೇಳಬಹುದು' ಅಂದರೆ ಅದು ತೀರ್ಪು. ಎರಡರ ನಡುವೆ ಒಂದು ಗೆರೆ ಇದೆ ಅಂತ ಕಾನೂನು ನಂಬುತ್ತೆ. ಅಡುಗೆಮನೆಯ ಮೇಜಿನ ಮೇಲೆ ಆ ಗೆರೆ ಕಾಣೋದಿಲ್ಲ. ಕಂಪ್ಯೂಟರಿನಲ್ಲಿ ಒಂದು ಬಿಲ್ಲು ಹಾಕುವಾಗಲೇ ಅದು ಕೇಳುತ್ತೆ, ಜಿಎಸ್‌ಟಿ ಇದೆಯೋ ಇಲ್ಲವೋ ಅಂತ. ಅಕ್ಕ ಬರೆಯುತ್ತಲೇ ತೀರ್ಪು ಕೊಟ್ಟಿದ್ದರು. ಅಜ್ಜನೂ ಅಷ್ಟೇ. ಯಾವ ವ್ಯವಹಾರ ಯಾವ ಪುಸ್ತಕಕ್ಕೆ ಅಂತ ಒಂದು ಹಂತದ ನಂತರ ಯಜಮಾನರು ಹೇಳುತ್ತಲೇ ಇರಲಿಲ್ಲವಂತೆ. ಅಜ್ಜನಿಗೇ ಗೊತ್ತಾಗುತ್ತಿತ್ತು.

ಕಾಗದಕ್ಕಿಂತ ಹಿಂದೆ ನಮ್ಮ ಕಡೆ ವ್ಯಾಪಾರಿಗಳು, ಶಾನುಭೋಗರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಕೆಂದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಬಹುದಾದ ಲೆಕ್ಕ! ಈಗಿನ ಆಡಿಟರ್ ನೋಡಿದರೆ ಎದೆ ಒಡೆದುಕೊಂಡಾರು. ಅಂಥ ಲೆಕ್ಕ ನಿಲ್ಲುತ್ತಿದ್ದದ್ದು ಬರೆದವನ ಮೇಲಿನ ನಂಬಿಕೆಯ ಮೇಲೇ. ಶಾನುಭೋಗರ ಬಗ್ಗೆ ಊರಲ್ಲಿ ಇರುವ ಗಾದೆ, ಬೈಗುಳಗಳನ್ನು ಕೇಳಿದರೆ ಆ ನಂಬಿಕೆಗೆ ಏನು ಗತಿಯಾಯಿತು ಅನ್ನೋದೂ ತಿಳಿಯುತ್ತೆ. ಬರೆಯುವವನು ಬರೀ ಬರೆಯುವವನು ಅಂತ ಊರಿನವರು ಯಾವತ್ತೂ ನಂಬಿರಲಿಲ್ಲ.

ಚಿತ್ರಗುಪ್ತನೊಬ್ಬನೇ ಇರಬೇಕು ಬರೀ ಬರೆಯೋನು. ಪಾಪ ಪುಣ್ಯ ಬರೆದಿಡ್ತಾನೆ, ತೀರ್ಪು ಯಮನದ್ದು. ಕೆಲಸ ಎಷ್ಟು ಚೆನ್ನಾಗಿ ಹಂಚಿಕೊಂಡಿದ್ದಾರೆ ನೋಡಿ. ಆದರೆ ಚಿತ್ರಗುಪ್ತನಿಗೆ ಗಿರಾಕಿಗಳಿಲ್ಲ. ಅವನಿಗೆ ಯಾರೂ ಬಿಸಿಬೇಳೆಬಾತು ಕೊಡಲ್ಲ.

ಅಕ್ಕ ಯಾಕೆ ನೋಂದಾಯಿಸಿಕೊಳ್ಳಲಿಲ್ಲ ಅಂತ ನಾನೂ ಕೇಳಿದ್ದೆ. ಬ್ಯಾಸ್ ಏಜೆಂಟ್ ಆಗಬೇಕಾದರೆ ಇಲ್ಲಿನ ಒಂದು ಸರ್ಟಿಫಿಕೇಟ್ ಓದು ಬೇಕು, ವಿಮೆ ಬೇಕು, ಅದರ ಜೊತೆಗೆ ಹಿಂದಿನ ನಾಲ್ಕು ವರ್ಷದಲ್ಲಿ 1,400 ಗಂಟೆಗಳ ಅನುಭವ ಬೇಕು. ಮಾನ್ಯತೆ ಪಡೆದ ಸಂಘದ ಸದಸ್ಯರಾಗಿದ್ದರೆ 1,000. ಆ ಗಂಟೆ ಸಂಪಾದಿಸೋಕೆ ನೋಂದಾಯಿತರ ಕೈಕೆಳಗೆ ಕೆಲಸ ಸಿಗಬೇಕು. ಅವರು ಇಲ್ಲಿನ ಅನುಭವ ಇದೆಯಾ ಅಂತ ಕೇಳ್ತಾರೆ. "ಈಜು ಬಂದ ಮೇಲೆ ನೀರಿಗಿಳಿ ಅಂತಾರೆ ಕಣೋ" ಅಂದಿದ್ದರು ಅಕ್ಕ. ತುಮಕೂರಿನ ಹತ್ತು ವರ್ಷ ಅವರ ಪಟ್ಟಿಯಲ್ಲಿ ಸೊನ್ನೆ ಗಂಟೆ. ನಾವು 'ಅಗ್ಗಕ್ಕೆ ಸಿಕ್ಕರು' ಅಂದುಕೊಂಡದ್ದು ಅವರ ಆ ಸೊನ್ನೆಯನ್ನೇ. ಈ ಊರು ಅವರನ್ನು ಅಗ್ಗ ಮಾಡಿತ್ತು, ನಾನು ಕೊಂಡುಕೊಂಡೆ.

ಹಾಗಂತ ನಿಯಮ ತಪ್ಪು ಅನ್ನೋಕೂ ಬಾಯಿ ಬರಲ್ಲ. ಅಕ್ಕಿಯ ಮೇಲೆ ಜಿಎಸ್‌ಟಿ ಇಲ್ಲ ಅನ್ನೋದು ಆ 1,400 ಗಂಟೆಗಳಲ್ಲಿ ಮೊದಲ ವಾರದಲ್ಲೇ ಕಲಿಯುವ ಪಾಠ.

ನೋಂದಾಯಿತರ ಹತ್ತಿರ ಹೋಗಿದ್ದರೆ ನನಗೆ ಏನು ಸಿಗುತ್ತಿತ್ತು? ಇಲ್ಲಿ ಅದಕ್ಕೊಂದು ಹೆಸರಿದೆ, ಸೇಫ್ ಹಾರ್ಬರ್. ಬಿರುಗಾಳಿಗೆ ಸಿಕ್ಕ ದೋಣಿ ಬಂದು ನಿಲ್ಲುವ ಬಂದರು. 2010ರ ಮಾರ್ಚ್‌ನಿಂದ ಇದೆ. ನೋಂದಾಯಿತ ಏಜೆಂಟಿಗೆ ನಾನು ಸಂಬಂಧಪಟ್ಟ ಎಲ್ಲ ವಿವರ ಕೊಟ್ಟಿದ್ದು, ಆ ಏಜೆಂಟಿನ ಅಜಾಗರೂಕತೆಯಿಂದ ತಪ್ಪಾದರೆ, ನನ್ನ ಮೇಲೆ ಬೀಳಬೇಕಾದ ದಂಡ ಬೀಳುವುದಿಲ್ಲ. ದಂಡ ಮಾತ್ರ. ತೆರಿಗೆ ಕಟ್ಟಲೇಬೇಕು, ಬಡ್ಡಿಯ ಲೆಕ್ಕವೂ ಬೇರೆ. ಈ ಬಂದರಿನ ಬಾಗಿಲಲ್ಲೇ ಇರುವ ಷರತ್ತನ್ನು ಗಮನಿಸಬೇಕು: ಎಲ್ಲ ವಿವರ ಕೊಟ್ಟಿರಬೇಕು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟವನಿಗೆ ಬಂದರು ಇಲ್ಲ. ಅಕ್ಕನ ತಪ್ಪಿಗಂತೂ ಇಲ್ಲವೇ ಇಲ್ಲ, ಕಾಗದದ ಮೇಲೆ ಅಕ್ಕನೇ ಇರಲಿಲ್ಲವಲ್ಲ. ಒಳಗೆ ಹೋದವನು ನಾನು, ಗುಂಡಿ ಒತ್ತಿದವನೂ ನಾನು.

ಇದು ಅನ್ಯಾಯ ಅಂತ ಮೊದಲು ಅನ್ನಿಸಿತು. ನಿಧಾನವಾಗಿ ನೋಡಿದರೆ ಅಷ್ಟೇನೂ ಅನ್ಯಾಯ ಅಲ್ಲ. ಈ ದೇಶದಲ್ಲಿ 1986-87ರಿಂದ ತೆರಿಗೆಯ ಪದ್ಧತಿ ಹೇಗಿದೆ ಅಂದರೆ, ನೀನು ಹೇಳಿದ್ದನ್ನು ಮೊದಲು ನಂಬುತ್ತಾರೆ, ಆಮೇಲೆ ಬೇಕಾದರೆ ಪರೀಕ್ಷೆ ಮಾಡುತ್ತಾರೆ. ಅದಕ್ಕೇ ಐದು ವರ್ಷ ಕಾಗದ ಇಟ್ಟುಕೋ ಅನ್ನೋದು. ಬೆಳಿಗ್ಗೆ ನಾಲ್ಕೂವರೆಗೆ ಏಳುವ ಅಡುಗೆಯವನ ಮಾತನ್ನು ಒಂದು ಸರ್ಕಾರ ಮೊದಲ ಸಲಕ್ಕೆ ನಂಬುತ್ತೆ ಅನ್ನೋದು ಸಣ್ಣ ಮರ್ಯಾದೆ ಅಲ್ಲ. ಹಾಗೆ ನಂಬಿಸಿಕೊಂಡ ಮಾತನ್ನು ನಾನು ಬೇರೆಯವರ ಬಾಯಿಗೆ ಹಾಕಿದ್ದೆ, ಒಗ್ಗರಣೆ ಸೀಯುತ್ತೆ ಅಂತ. ಕೆಲಸ ವಹಿಸಿಕೊಡಬಹುದು. ಮಾತನ್ನು ವಹಿಸಿಕೊಡೋಕೆ ಬರುತ್ತಾ?

ಮತ್ತೊಂದನ್ನೂ ಹೇಳಬೇಕು, ಇದನ್ನು ಆ ಏಜೆಂಟಮ್ಮನಿಗೂ ಹೇಳಲಿಲ್ಲ. ನಮ್ಮಷ್ಟೇ ವ್ಯಾಪಾರದ ಇನ್ನೊಬ್ಬ ಡಬ್ಬಿಯವನು ಒಮ್ಮೆ ತಾನು ಕಟ್ಟುವ ಜಿಎಸ್‌ಟಿ ಎಷ್ಟು ಅಂತ ಹೇಳಿದಾಗ ಅದು ನಮ್ಮದಕ್ಕಿಂತ ಚೆನ್ನಾಗೇ ಜಾಸ್ತಿ ಇತ್ತು. ನನಗೆ ಆಗಲೇ ಒಂದು ಸಣ್ಣ ಮುಳ್ಳು ಚುಚ್ಚಿತು. 'ನಮ್ಮ ಅಕ್ಕ ಜಾಣೆ' ಅಂದುಕೊಂಡು ಸುಮ್ಮನಾದೆ. ಕಡಿಮೆ ಬಂದಿದ್ದರೆ ಅವತ್ತೇ ಅಕ್ಕನ ಮನೆ ಬಾಗಿಲು ತಟ್ಟುತ್ತಿದ್ದೆ. ಹೆಚ್ಚು ಉಳಿದಾಗ ಯಾರು ಲೆಕ್ಕ ಕೇಳ್ತಾರೆ?

ಹಾಗಾದರೆ ನೋಂದಣಿ ಇದ್ದರೆ ಸರಿಯಾ? ಅಷ್ಟು ಸಲೀಸಲ್ಲ. 2023ರಲ್ಲಿ ಈ ದೇಶವೇ ಬೆಚ್ಚಿಬಿದ್ದ ಪಿಡಬ್ಲ್ಯುಸಿಯ ಪ್ರಕರಣ ನೆನಪಿರಬಹುದು. ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ತಪ್ಪಿಸುವುದನ್ನು ತಡೆಯಲು ಕಾನೂನು ಮಾಡುವಾಗ ಸರ್ಕಾರ ಸಲಹೆ ಕೇಳಿತ್ತು. ಆ ಗುಟ್ಟಿನ ಮಾತುಕತೆಯ ವಿವರಗಳನ್ನು ಆ ಸಂಸ್ಥೆಯ ಒಬ್ಬ ಪಾಲುದಾರ ಒಳಗಿನವರಿಗೆ ಹಂಚಿದ್ದ. ಅವನು ನೋಂದಾಯಿತ ಟ್ಯಾಕ್ಸ್ ಏಜೆಂಟನೇ. ಮಂಡಳಿ ಅವನ ನೋಂದಣಿ ಕಿತ್ತುಹಾಕಿತು. ಆ ಸಂಸ್ಥೆ ಸರ್ಕಾರಿ ಸಲಹೆಯ ತನ್ನ ಇಡೀ ವಿಭಾಗವನ್ನು 1 ಡಾಲರಿಗೆ ಮಾರಬೇಕಾಯಿತು. ಅವನ ಕಚೇರಿಯ ಗೋಡೆಯ ಮೇಲೂ ಪ್ರಮಾಣಪತ್ರ ಇದ್ದಿರಬೇಕು, ಅಕ್ಕನ ಅಡುಗೆಮನೆಯ ಗೋಡೆಯ ಮೇಲೆ ಇದ್ದದ್ದು ಸಿದ್ಧಗಂಗಾ ಸ್ವಾಮಿಗಳ ಫೋಟೋ. ಇಬ್ಬರಲ್ಲಿ ಯಾರಿಗೆ ಮನೆ ಕೀಲಿ ಕೊಡ್ತೀಯಾ ಅಂದ್ರೆ ನಾನು ಯೋಚನೆ ಮಾಡುವುದಿಲ್ಲ. ಆದರೆ ಕೇಳುತ್ತಿರುವುದು ಮನೆ ಕೀಲಿಯಲ್ಲವಲ್ಲ. ಆ ಪಾಲುದಾರನ ವಿಷಯದಲ್ಲಿ ಕೇಳುವವರು ಒಬ್ಬರಿದ್ದರು, ಕಿತ್ತುಹಾಕಲು ಒಂದು ಹೆಸರು ಪಟ್ಟಿಯಲ್ಲಿ ಇತ್ತು. ಅಕ್ಕ ಎಷ್ಟೇ ಒಳ್ಳೆಯವರಾದರೂ ಅವರ ತಪ್ಪನ್ನು ಕೇಳುವವರು ಯಾರೂ ಇರಲಿಲ್ಲ. ಒಳ್ಳೆಯವರು ತಪ್ಪು ಮಾಡಲ್ಲ ಅನ್ನೋ ನಂಬಿಕೆ ಒಂದೇ ಇತ್ತು, ಅದು ಅವರಿಗೂ ಒಳ್ಳೇದು ಮಾಡಲಿಲ್ಲ.

ತಿದ್ದಿ ಕಳಿಸಿದೆ. 3,600 ಮತ್ತು ಬಡ್ಡಿ, ಕಂತಿನಲ್ಲಿ ಕಟ್ಟಿದೆ. ಅದು ಸುಲಭದ ಭಾಗ.

ಅಕ್ಕನಿಗೆ ಹೇಳಬೇಕಿತ್ತು. ದುಡ್ಡು ತಗೊಂಡು ನೋಂದಣಿ ಇಲ್ಲದೆ ಬ್ಯಾಸ್ ಮಾಡೋದಕ್ಕೆ ಇಲ್ಲಿ ದೊಡ್ಡ ದಂಡ ಇದೆ. ಮಂಡಳಿಗೆ ಒಂದು ದೂರು ಬರೆದರೆ ಸಾಕು. ನಾನು ಬರೆಯಲಿಲ್ಲ. ಬರೆಯಬೇಕಿತ್ತಾ? ನನ್ನ 75 ಡಾಲರಿನ ಆಸೆಯಿಂದ ನಡೆದ ಕೆಲಸಕ್ಕೆ ಅವರೊಬ್ಬರನ್ನು ಹಿಡಿದುಕೊಡೋದು ನನ್ನಿಂದಾಗಲಿಲ್ಲ. ಇದು ದಯೆ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಯಾಕಂದ್ರೆ ದೂರು ಕೊಟ್ಟರೆ ನನ್ನ ಹೆಸರೂ ಹೊರಗೆ ಬರುತ್ತಿತ್ತು. ಎರಡರಲ್ಲಿ ಯಾವುದು ಕಾರಣ ಅಂತ ಬಿಡಿಸಿ ನೋಡೋಕೆ ಹೋದರೆ ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ.

ಆದರೆ ಸುಮ್ಮನಿರುವುದಕ್ಕೂ ಒಂದು ಬೆಲೆ ಇತ್ತು. ಅಕ್ಕ ನನ್ನೊಬ್ಬನ ಲೆಕ್ಕ ಬರೆಯುತ್ತಿರಲಿಲ್ಲ. ಇನ್ನೂ ಏಳು ಮನೆಗಳಿದ್ದವು, ಅದರಲ್ಲಿ ಮೂರು ಅಡುಗೆ ವ್ಯಾಪಾರದವರು. ಅವರ ಅಕ್ಕಿಯನ್ನೂ ಅಕ್ಕ ಹನ್ನೊಂದರಿಂದ ಭಾಗಿಸುತ್ತಲೇ ಇದ್ದರು. ನಾನು ದೂರು ಕೊಡದೆ ಉಳಿಸಿದ್ದು ಅಕ್ಕನನ್ನು. ಆ ಮೂವರು ಏನು ಮಾಡಿದ್ದರು?

ಒಂದು ಭಾನುವಾರ ಹೋದೆ. ಅಕ್ಕ ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದಿದ್ದರು. ಕಾಫಿ ಕೊಟ್ಟರು. ಹೇಳಿದೆ. ಅವರು ಮೊದಲು ನಂಬಲಿಲ್ಲ. ನಾನು ತಂದಿದ್ದ ಹಾಳೆ ನೋಡಿದರು, ತೆರಿಗೆ ಇಲಾಖೆಯ ಪುಟ ತೆರೆದು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ 450 ಡಾಲರ್ ಇತ್ತು. ಆರು ಕಂತಿನ ಅವರ ಕೂಲಿ, ಲೆಕ್ಕ ಸರಿಯಾಗಿತ್ತು.

"ಬೇಡ ಅಕ್ಕ" ಅಂದೆ.

"ತಗೋ. ನೀನು ತಗೊಳ್ಳದೇ ಇದ್ರೆ ನಾನು ಮಾಡಿದ್ದು ಕೆಲಸ ಅಲ್ಲ, ಉಪಕಾರ ಅಂತ ಆಗುತ್ತೆ. ಉಪಕಾರದಲ್ಲಿ ತಪ್ಪಾದ್ರೆ ಯಾರೂ ಕೇಳಲ್ಲ. ನಂದು ಕೆಲಸ ಕಣೋ" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಜ್ಜ ಬರೆಯೋನು ನಾನು ಅಷ್ಟೇ ಅಂದದ್ದನ್ನು ಕೇಳಿ ಬೆಳೆದವನು ನಾನು. ಪರವಾನಗಿ ಇಲ್ಲದ, ಯಾವ ಕಾನೂನೂ ಹೊಣೆ ಹೊರಿಸದಿದ್ದ ಒಬ್ಬ ಬರೆಯುವವರು ಹೊಣೆಯನ್ನು ಲಕೋಟೆಯಲ್ಲಿ ಹಾಕಿ ಮುಂದಿಟ್ಟಿದ್ದರು. ತಗೊಂಡೆ. ಸರಿ ಮಾಡಿದೆನೋ ಇಲ್ಲವೋ, ಹೆಂಡತಿ ಇವತ್ತಿಗೂ ತಪ್ಪು ಅನ್ನುತ್ತಾಳೆ.

ಉಳಿದ ಏಳು ಮನೆಗೂ ಅಕ್ಕನೇ ಹೋಗಿ ಹೇಳಿದರು. ಇಬ್ಬರು ತಿದ್ದಿಕೊಂಡರು. ಒಬ್ಬರು, ಯಾರೂ ಕೇಳಿಲ್ಲವಲ್ಲ, ಸುಮ್ಮನಿರಿ ಅಂದರಂತೆ. ಇನ್ನೊಂದಿಬ್ಬರು ಅಕ್ಕನ ಜೊತೆಯೂ ಮಾತು ಬಿಟ್ಟರು, ವಿಷಯ ಎಬ್ಬಿಸಿದ್ದಕ್ಕೆ ನನ್ನ ಜೊತೆಯೂ. ಯುಗಾದಿಯ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನನ್ನನ್ನು ಕಂಡರೆ ಬೇರೆ ಕಡೆ ನೋಡ್ತಾರೆ.

ಈಗ ನಮ್ಮ ಬ್ಯಾಸ್ ಆ ಏಜೆಂಟಮ್ಮನ ಕಚೇರಿಯಿಂದ ಹೋಗುತ್ತೆ, ನನ್ನ ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ. ಕಳಿಸುವ ಮೊದಲು ಆಕೆ ನನ್ನಿಂದ ಒಪ್ಪಿಗೆಯ ಸಹಿ ಕೇಳುತ್ತಾರೆ. ಒಲೆ ಆರಿಸಿ, ಕೂತು, ಪ್ರತಿ ಸಾಲನ್ನೂ ಓದಿ ಸಹಿ ಹಾಕುತ್ತೇನೆ. ಬಿಲ್ಲು ಜೋಡಿಸಿಕೊಡೋದು ಮಾತ್ರ ಇನ್ನೂ ಅಕ್ಕನೇ. ಏಜೆಂಟಮ್ಮ ನಮ್ಮನ್ನು ನೋಡೋದು ಮೂರು ತಿಂಗಳಿಗೊಮ್ಮೆ, ಅದೂ ಪರದೆಯ ಮೇಲೆ. ಗ್ಯಾಸಿನ ಬಿಲ್ಲು ಎರಡು ಸಲ ಬಂದಿದೆ, ಸೊಪ್ಪಿನವನು ಒಂದು ಕಂತು ಬಿಟ್ಟಿದ್ದಾನೆ ಅಂತ ಹಿಡಿಯೋದು ಅಕ್ಕ. ಬಿಲ್ಲು ಜೋಡಿಸುವ ಕೈ ಸುಳ್ಳಾಡಿದರೆ ಮೇಲಿನವರ ಕನ್ನಡಕ ಏನು ಮಾಡೀತು. ಅಕ್ಕ ಈಗ ಗೋದಾಮಿನ ಎರಡು ಪಾಳಿ ಬಿಟ್ಟು ಒಂದು ನೋಂದಾಯಿತ ಕಚೇರಿಯಲ್ಲಿ ವಾರಕ್ಕೆ ಎರಡು ದಿನ ಕೂರುತ್ತಾರೆ. ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಹೋದ ಸಲ ನೋಡಿದಾಗ 612 ಆಗಿತ್ತು.

ಇಷ್ಟನ್ನೂ ಆ ಹುಬ್ಬಳ್ಳಿ ಹುಡುಗನಿಗೆ ಮಾರನೇ ದಿನ ಫೋನು ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ನನ್ನ ಕಥೆ ಮನಸ್ಸಿಗೆ ತಟ್ಟಿತೇನೋ ಅಂದುಕೊಂಡೆ.

"ಅಣ್ಣಾರ," ಅಂದ, "ಹ್ವಾದ ವರ್ಷದ ರಸೀದಿ ಎಲ್ಲಾ ವ್ಯಾನ್‌ನಾಗ ಒಂದ್ ಚೀಲದಾಗ ಇದ್ವು. ಮನ್ನೆ ವ್ಯಾನ್ ತೊಳ್ಯಾಗ ಕಸದ ಜೋಡಿ ಒಗದ್ನಿ. ಇದನ್ನ ಯಾರಿಗೆ ಹೇಳ್ಬೇಕ್ರಿ, ಬುಕ್‌ಕೀಪರ್‌ಗೋ ಏಜೆಂಟ್‌ಗೋ?"